ಮರಣಶಾಸನಕ್ಕೆ ಎರಡನೆಯ ಸಾಕ್ಷಿ

ಬ್ರಿಡ್‌ಪೋರ್ಟ್, ಡಾರ್ಸೆಟ್
೧೪ ಅಕ್ಟೋಬರ್ ೧೮೬೧, ಸೋಮವಾರ

ಮುದ್ದಿನ ಡೋರ್ಕಸ್,

ನಿನ್ನ ಅತ್ತೆಯ ಕೆಮ್ಮು ಇಳಿದಿದೆಯೆ? ಆಕೆಗೆ ಬಾರ್ಲಿಯ ಗಂಜಿ ಕೊಡು. ಪೂಲ್ ಪಟ್ಟಣದ ವೈದ್ಯರು ಹೇಳಿದರೆಂದು ಕಿಟಕಿಗಳನ್ನೆಲ್ಲ ಮುಚ್ಚಿಬಿಡಬೇಡ. ರೋಗಿಯನ್ನು ನೋಡಿಕೊಳ್ಳುವ ಭರದಲ್ಲಿ ನಿನ್ನ ಊಟ ಮರೆಯಬೇಡ. ಇಲ್ಲಿ ನನ್ನ ಎಡಮೊಣಕಾಲೊಂದನ್ನು ಬಿಟ್ಟರೆ ಎಲ್ಲವೂ ನೆಟ್ಟಗಿದೆ. ನೀನು ಅತ್ತೆಯ ಆರೈಕೆಗೆಂದು ಪೂಲ್‌ಗೆ ಹೋದಂದಿನಿಂದ ನಿನ್ನ ಗಂಡ ಎಫ್ರೇಮ್ ದಿನವೂ ಕಟ್ಟಿಗೆ ತಂದುಹಾಕುತ್ತಾನೆ, ಜೊತೆಗೆ ಬೀದಿಯ ಕೆಸರನ್ನೂ.

ಈಗ ಸುದ್ದಿ. ನನ್ನ ತಂಗಿಯ ಮಗ ಆಂಬ್ರೋಸ್ ಕಳೆದ ವಾರ ಒಂದು ತಟ್ಟೆ ಸೇಬಿನ ಕೇಕು ಹಿಡಿದು ಬಂದಿದ್ದ. ಕುಳಿತುಕೊಳ್ಳುವ ಮೊದಲೇ ತೊಲೆಯನ್ನು ತಟ್ಟಿ ನೋಡಿ, “ದೊಡ್ಡಮ್ಮಾ, ಇದು ಇನ್ನೂ ನೂರು ವರ್ಷ ಬಾಳುತ್ತೆ ಬಿಡಿ” ಎಂದ. “ತೊಲೆ ಹಾಗಿರ್ಲಿ, ನಾನೂ ಬಾಳೋಳೇ ಕಣೋ” ಎಂದೆ. “ನಮ್ಮ ದೊಡ್ಡಮ್ಮಂಗೆ ಅರಳುಮರಳು, ಅವ್ರು ಏನು ಬರೆದಿಟ್ರೂ ನಡೆಯಲ್ಲ” ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಿರುವುದನ್ನು ಪಕ್ಕದ ಮನೆಯ ಪ್ರೂಡೆನ್ಸ್, ಹೆಣೆಯುತ್ತಿದ್ದ ಬಲೆಯಿಂದ ಕಣ್ಣೆತ್ತದೆಯೇ ನನಗೆ ಒಪ್ಪಿಸಿದ್ದಳು. ನಾನು ಏನನ್ನೂ ಬರೆದಿಡದೆ ಕಣ್ಣುಮುಚ್ಚಿದರೆ, ನಿನ್ನ ತಂದೆ ನನಗೆ ಬಿಟ್ಟುಹೋದ ಈ ಮನೆ, ಅವರು ಹಗ್ಗ ಹೊಸೆಯುತ್ತಿದ್ದ ಆ ಉದ್ದನೆಯ ಹಿತ್ತಿಲು, ಎಲ್ಲವೂ ರಕ್ತಸಂಬಂಧದ ಬಲದಿಂದ ಆಂಬ್ರೋಸನ ಪಾಲಾಗುತ್ತವೆ. ಏಳನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು, ನನ್ನ ಮಗ್ಗುಲಲ್ಲಿ ಕುಳಿತು ಬಲೆಯ ಗಂಟು ಹಾಕಲು ಕಲಿತ ನಿನಗೆ ಇಲ್ಲಿಯ ಹೊಸ್ತಿಲೂ ದಕ್ಕದು.

ಆದುದರಿಂದ ಮರಣಶಾಸನ ಬರೆಸಿದೆ. ವಕೀಲ ಟೆಂಪ್ಲರರು ನಿನ್ನನ್ನು “ಮಲಮಗಳು” ಎಂದು ಬರೆದು ತಂದಿದ್ದರು. ಆ ಪದವನ್ನು ಹೊಡೆದುಹಾಕಿ ಎಂದೆ. “ಕಾನೂನಿನ ಕಣ್ಣಿಗೆ ಆಕೆ ನಿಮ್ಮ ಮಗಳಲ್ಲ, ಅಮ್ಮಾ” ಎಂದರು. “ಹಾಗಾದ್ರೆ ಕಾನೂನಿಗೊಂದು ಕನ್ನಡಕ ಕೊಡಿಸಿ” ಎಂದೆ. ಕೊನೆಗೆ “ನಾನು ಮಗಳೆಂದೇ ಸಾಕಿದ, ನನ್ನ ಪತಿಯ ಪುತ್ರಿ ಡೋರ್ಕಸ್” ಎಂಬಲ್ಲಿಗೆ ಇಬ್ಬರೂ ಒಪ್ಪಿದೆವು. ಮನೆ, ಹಿತ್ತಿಲು ನಿನಗೆ. ಗೋಡೆಯ ಗಡಿಯಾರ ಆಂಬ್ರೋಸನಿಗೆ. ಸಾಕ್ಷಿಗಳೊಂದಿಗೆ ಗುರುವಾರ ಬರುವೆನೆಂದು ಹೇಳಿ ವಕೀಲರು ಕಾಗದವನ್ನು ಇಲ್ಲಿಯೇ ಬಿಟ್ಟುಹೋದರು. ಗುರುವಾರದವರೆಗೆ ಕಾಯುವುದೇಕೆ? ಇಂದು ಬೆಳಿಗ್ಗೆ ಪ್ರೂಡೆನ್ಸಳನ್ನು ಕೂಗಿದೆ. ಕಟ್ಟಿಗೆ ಹೊತ್ತು ಬಂದ ಎಫ್ರೇಮನನ್ನು ನಿಲ್ಲಿಸಿಕೊಂಡೆ. ಇಬ್ಬರ ಎದುರಿನಲ್ಲಿ ನಾನು ರುಜು ಹಾಕಿದೆ, ಅವರೂ ಹಾಕಿದರು. ನಿನ್ನ ಗಂಡ ನಾಲಗೆ ಕಚ್ಚಿಕೊಂಡು ಎಷ್ಟು ಮುದ್ದಾಗಿ ಬರೆದನೆಂದರೆ, ನೀನು ನೋಡಬೇಕಿತ್ತು. ಇನ್ನು ನಿನ್ನನ್ನು ಈ ಮನೆಯಿಂದ ಯಾರೂ ಅಲುಗಿಸಲಾರರು.

ನಿನ್ನ ಅತ್ತೆಗೆ ನನ್ನ ವಂದನೆ. ದೇವರು ನಿನ್ನ ತಲೆ ಕಾಯಲಿ.

ನಿನ್ನ ತಾಯಿ (ವಕೀಲರು ಏನೇ ಅನ್ನಲಿ),
ಹೆಸ್ಟರ್ ಸೈಮ್ಸ್

ಮರೆಯಬಾರದ ಮಾತು: ಈ ಪತ್ರವನ್ನು ಮಡಿಸುವಷ್ಟರಲ್ಲಿ ಟೆಂಪ್ಲರರು ಗುರುವಾರಕ್ಕೆ ಕಾಯದೆ ಇಂದೇ ಬಂದರು. ರುಜುಗಳನ್ನು ನೋಡಿ, “ಅಯ್ಯಯ್ಯೋ, ಏನಮ್ಮಾ ಮಾಡಿಟ್ರಿ! ಆಸ್ತಿ ಪಡೆಯೋರಾಗ್ಲಿ, ಅವರ ಗಂಡನಾಗ್ಲಿ ಸಾಕ್ಷಿ ಹಾಕಿದ್ರೆ ಅವರಿಗೆ ಚೂರೂ ಸಿಗಲ್ಲ!” ಎಂದರು. ಅದನ್ನು ಒಲೆಗೆ ಹಾಕಿದೆ. ಅವರು ಅಡುಗೆಮನೆಯ ಮೇಜಿನ ಮೇಲೆಯೇ ಅದೇ ಮಾತುಗಳಲ್ಲಿ ಹೊಸದನ್ನು ಬರೆದರು. ಒಂದು ಸಾಕ್ಷಿ ಅವರದೇ. ಪ್ರೂಡೆನ್ಸ್ ಅಷ್ಟರಲ್ಲಿ ಪೇಟೆಗೆ ಹೋಗಿಬಿಟ್ಟಿದ್ದಳು. ಇನ್ನೊಬ್ಬರು ಯಾರೆಂದು ಯೋಚಿಸುತ್ತಿರುವಾಗ, ಕೇಕಿನ ತಟ್ಟೆಯನ್ನು ಕೇಳಿಕೊಂಡು ಆಂಬ್ರೋಸ್ ಬಂದ. “ಬಾರಪ್ಪಾ, ಇಲ್ಲೊಂದು ಸಾಕ್ಷಿ ಹಾಕು. ನನ್ನ ಉಯಿಲು. ಓದೋ ಹಾಗಿಲ್ಲ” ಎಂದು ಇಬ್ಬರ ಎದುರಿನಲ್ಲಿ ನಾನು ರುಜು ಹಾಕಿದೆ. “ನಾನ್ಯಾಕೆ ಓದ್ಲಿ ದೊಡ್ಡಮ್ಮಾ, ನಿಮ್ಮ ಮನಸ್ಸು ನಂಗೊತ್ತಿಲ್ವಾ!” ಎಂದು ನಗುತ್ತ, “ಆಕೆ ಸ್ವಸ್ಥಚಿತ್ತಳಾಗಿರುವುದನ್ನು ಕಣ್ಣಾರೆ ಕಂಡಿದ್ದೇವೆ” ಎಂಬ ಸಾಲಿನ ಕೆಳಗೆ ಬಾಲಬಾಲವಾಗಿ ರುಜು ಎಳೆದ. ವಕೀಲರು ತಮ್ಮ ಟೋಪಿಯೊಳಗೆ ಏನನ್ನೋ ಹುಡುಕತೊಡಗಿದರು. ಇನ್ನು ನನಗೆ ಅರಳುಮರಳೆಂದು ಅವನು ಯಾವ ನ್ಯಾಯಾಲಯದಲ್ಲಿಯೂ ಹೇಳಲಾರ. ಆದರೆ ಸಾಕ್ಷಿ ಹಾಕಿದ್ದರಿಂದ ಗಡಿಯಾರವೂ ಅವನ ಕೈತಪ್ಪಿತು, ಪಾಪ. ಸಂತೋಷದಲ್ಲಿ ತಟ್ಟೆಯನ್ನು ಮರೆತುಹೋಗಿದ್ದಾನೆ. ನಾಳೆ ಅದರ ಜೊತೆಗೆ ಗಡಿಯಾರವನ್ನೂ ನಾನೇ ಕಳುಹಿಸಿಕೊಡುತ್ತೇನೆ.