ಕಳ್ಳಿ ಬೇಲಿಯ ಹಾಲು

ಪರಶುರಾಂಪುರ
೧೨ ಏಪ್ರಿಲ್ ೨೦೨೪

ಪ್ರೀತಿಯ ಅವ್ವನಿಗೆ,

ಅಕ್ಷರ ನನ್ನದಲ್ಲವೆಂದು ಗಾಬರಿಯಾಗಬೇಡ. ಬೆರಳಿಗೆ ಜಾಲಿಮುಳ್ಳು ಚುಚ್ಚಿ ಊದಿಕೊಂಡಿದೆ. ನಾನು ಹೇಳುತ್ತಿದ್ದೇನೆ, ಪಕ್ಕದ ಮನೆಯ ಮುಸ್ಕಾನ್ ಬರೆಯುತ್ತಿದ್ದಾಳೆ. ಫೋನಿನಲ್ಲಾದರೆ ನೀನು ಅರ್ಧಕ್ಕೇ ಅಳಲು ಶುರುಮಾಡುತ್ತೀ, ಅದಕ್ಕೇ ಪತ್ರ.

ಹೋದ ವಾರ ನಮ್ಮ ಹೊಲದ ಕಳ್ಳಿ ಬೇಲಿಯಲ್ಲಿ ಕುರಿಮರಿಯೊಂದು ಸಿಕ್ಕಿಹಾಕಿಕೊಂಡಿತ್ತು. ಹಸಿವಿಗೆ ಕಳ್ಳಿಯನ್ನೇ ಜಗಿದು, ಬಾಯಿ ಊದಿ, ನೊರೆ ಸುರಿಸುತ್ತಿತ್ತು. ಬಿಡಿಸಲೆಂದು ಮಚ್ಚು ಬೀಸಿದೆ. ಕೊಂಬೆ ತುಂಡಾದದ್ದೇ ತಡ, ಹಾಲು ಚಿಮ್ಮಿ ಎರಡೂ ಕಣ್ಣಿಗೆ ಬಿತ್ತು. ಕೆಂಡ ಇಟ್ಟಂತಾಯಿತು.

ನಮ್ಮ ಅತ್ತೆ ತಿಪ್ಪೇರುದ್ರಮ್ಮನವರು ಎಂಥವರೆಂದು ನಿನಗೆ ಗೊತ್ತು. ಸಾರಿಗೆ ಉಪ್ಪು ಹೆಚ್ಚಾಯಿತು ಅನ್ನುವುದು ಬಿಟ್ಟರೆ ನನ್ನೊಂದಿಗೆ ಅವರಿಗೆ ಬೇರೆ ಮಾತೇ ಇರಲಿಲ್ಲ. ಅವರೇ ಓಡಿ ಬಂದು ನನ್ನ ಕೈಗಳನ್ನು ಅದುಮಿ ಹಿಡಿದರು. "ಉಜ್ಜಬ್ಯಾಡ. ಕಣ್ಣು ಬಿಡು, ಉರಿದ್ರೂ ಬಿಡು" ಎಂದು ಕುಡಿಯಲು ತಂದಿದ್ದ ಕೊಡವನ್ನೇ ಬಗ್ಗಿಸಿದರು. ಅದು ಮುಗಿಯಿತು. ಆಮೇಲೆ ಕುರಿಗಳಿಗೆಂದು ತುಂಬಿಸಿಟ್ಟಿದ್ದ ಡ್ರಮ್ಮು.

"ಕುರಿಗಳಿಗೆ?" ಎಂದೆ.

"ಸಂಜಿಗೆ ಕುಡಿತಾವೆ. ಸುಮ್ನಿರು ಮಗಳೇ."

ಮಗಳೇ ಎಂದರು, ಅವ್ವ. ಅಷ್ಟು ಉರಿಯಲ್ಲೂ ಆ ಮಾತು ಕಿವಿಗೆ ಬಿತ್ತು.

ಅಷ್ಟು ನೀರು ಸುರಿದಿರದಿದ್ದರೆ ಎರಡೂ ಕಣ್ಣು ಹೋಗುತ್ತಿದ್ದವು ಎಂದರು ಚಳ್ಳಕೆರೆಯ ಡಾಕ್ಟರು. ಈಗ ಎಲ್ಲ ಸರಿಯಾಗಿದೆ. ಮರಿಯೂ ಉಳಿಯಿತು, ತಾಯಿಯ ಹಿಂದೆ ಅರಚುತ್ತಾ ತಿರುಗುತ್ತಿದೆ.

ಆದರೂ ಆ ಗಿಡದ ಮೇಲೆ ನನಗೆ ಸಿಟ್ಟು ಬರುತ್ತಿಲ್ಲ. ಈ ಬಿಸಿಲಿಗೆ ನಮ್ಮ ಬೋರ್‌ವೆಲ್ಲೇ ಕೆಸರು ಕಕ್ಕುತ್ತಿದೆ. ಯಾರೂ ನೀರೆರೆಯದ ಕಲ್ಲುನೆಲದಲ್ಲಿ, ಎಲೆಯೇ ಇಲ್ಲದೆ ನಿಂತ ಕಳ್ಳಿಯೊಳಗೆ ಅಷ್ಟೊಂದು ಹಾಲು ಎಲ್ಲಿಂದ ಬಂತು? ಸುಡುವ ಆ ಕೊಂಬೆಗಳ ನಡುವೆಯೇ ಹಕ್ಕಿಯೊಂದು ಗೂಡು ಕಟ್ಟಿ ಮರಿ ಮಾಡಿದೆಯಂತೆ. ಬೆಳಿಗ್ಗೆ ಬೇಲಿಯ ಬಳಿ ಕೂತು ಅವುಗಳ ಚಿಲಿಪಿಲಿ ಕೇಳುತ್ತೇನೆ. ಮೈ ಜುಮ್ಮೆನ್ನುತ್ತದೆ. ಇಷ್ಟು ದಿನ ಪಕ್ಕದಲ್ಲೇ ಓಡಾಡಿದರೂ ನಾನು ಆ ಕಳ್ಳಿಯನ್ನು ನೋಡಿಯೇ ಇರಲಿಲ್ಲ.

ಬಿಸಿಲಲ್ಲಿ ಮೊಳಕಾಲ್ಮೂರಿನಿಂದ ಬಸ್ಸು ಹತ್ತಿ ಬರಬೇಡ. ಅಪ್ಪನನ್ನು ಕೇಳಿದೆನೆಂದು ಹೇಳು.

ನಿನ್ನ ಮಗಳು,
ಶೈಲಜಾ

ವಿ.ಸೂ.: ಅಮ್ಮಾ, ಇದು ನಾನು ಮುಸ್ಕಾನ್, ಅವಳಿಗೆ ಹೇಳದೆ ಬರೆಯುತ್ತಿದ್ದೇನೆ. ಬೆರಳಿಗೆ ಏನೂ ಆಗಿಲ್ಲ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ಬಲಗಣ್ಣಿಗೆ ದೃಷ್ಟಿ ಬರುತ್ತದೆ ಎನ್ನುತ್ತಾರೆ ಡಾಕ್ಟರು, ಎಡಗಣ್ಣಿನ ಬಗ್ಗೆ ಏನೂ ಹೇಳುತ್ತಿಲ್ಲ. ಬರುವ ವಾರ ಪಟ್ಟಿ ಬಿಚ್ಚುತ್ತಾರೆ. ಮೊದಲು ಯಾರನ್ನು ನೋಡಬೇಕು ಅನ್ನಿಸುತ್ತದೆ ಎಂದು ಶೈಲಜಾಳನ್ನು ಕೇಳಿದೆ. ಬಾಗಿಲಲ್ಲಿ ನಿಂತಿದ್ದ ಅವಳ ಅತ್ತೆಯೇ "ಅವರವ್ವನ್ನ ಕರೆಸು" ಅಂದರು. ಬನ್ನಿ.