ಕಾಲುಂಗುರಕ್ಕೆ ಸುತ್ತಿದ ದಾರ

ಭದ್ರಾವತಿ, ೧೯೬೫

ಷಡಕ್ಷರಪ್ಪನವರೇ,

ಶಿವಮೊಗ್ಗದಲ್ಲಿ ನಿಮ್ಮ ಮಗಳ ನಾಮಕರಣವಾಯಿತೆಂದು ಕೇಳಿದೆ. ಈ ಕಾಗದ ಆ ಮನೆಗೆ ಬರುವುದಿಲ್ಲ. ಆದರೂ ಇವತ್ತಿನ ಸಂಗತಿಯನ್ನು ಇನ್ಯಾರಿಗೆ ಹೇಳಲಿ?

ನಮ್ಮ ಕಾರ್ಖಾನೆಯ ಟೆಲಿಫೋನ್ ಕೋಣೆಯಲ್ಲಿ ಮದುವೆಯಾದ ಹೆಣ್ಣು ಕೆಲಸ ಬಿಡಬೇಕೆಂಬ ನಿಯಮ ನಿಮಗೆ ಮರೆತಿರಲಾರದು. ಅಪ್ಪನಿಲ್ಲದ ಮನೆಗೆ ನನ್ನ ಸಂಬಳ ಬೇಕಿತ್ತು. ನೀವೂ ನನಗಾಗಿ ಕಾಯುವಷ್ಟು ಕಾದಿರಿ.

ಹೊಸ ಆಪರೇಟರ್ ಜಯಶೀಲಾ ಗುಟ್ಟಾಗಿ ಮದುವೆಯಾಗಿದ್ದಳು. ಸದ್ದಾಗದಿರಲೆಂದು ಅವಳ ಕಾಲುಂಗುರಕ್ಕೆ ನಾನೇ ದಾರ ಸುತ್ತಿಕೊಟ್ಟಿದ್ದೆ. ಈ ಬೆಳಿಗ್ಗೆ ಮ್ಯಾನೇಜರು ಬಾಗಿಲಲ್ಲೇ ನಿಂತು, "ಇನ್ಮೇಲೆ ಆ ರೂಲ್ಸ್ ಇಲ್ಲ ಕಣಮ್ಮ, ಮದುವೆ ಆದೋರೂ ಇರಬಹುದು" ಎಂದರು. ಮೂಗಿಗೆ ನಶ್ಯ ಏರಿಸಿಕೊಂಡು ಹೊರಟುಹೋದರು. ಅಷ್ಟೇ.

ಜಯಶೀಲಾ ನೆಲದ ಮೇಲೆ ಕುಳಿತು ದಾರ ಬಿಚ್ಚಿದಳು. ಸಿಮೆಂಟಿನ ಮೇಲೆ ಕಾಲುಂಗುರ ಸದ್ದು ಮಾಡುವಂತೆ ಕೋಣೆಯೆಲ್ಲ ಓಡಾಡಿದಳು. ಆಮೇಲೆ ನನ್ನ ಪಕ್ಕ ಬಂದು, "ಜಗದಾಂಬಕ್ಕ, ನಿಮ್ಮನ್ನ ಯಾರೂ ಕೇಳ್ಕೊಂಡು ಬರ್ಲೇ ಇಲ್ವಾ?" ಎಂದಳು.

"ಸುಮ್ನಿರು ಮಾರಾಯ್ತಿ, ಕಾಲ್ ಬಂದಿದೆ" ಎಂದು ಫೋನನ್ನು ಕಿವಿಗಿಟ್ಟುಕೊಂಡೆ.

ಕಾಲ್ ಬಂದರೆ ಹೊತ್ತುವ ದೀಪಗಳಲ್ಲಿ ಒಂದೂ ಬೋರ್ಡಿನಲ್ಲಿ ಹೊತ್ತಿರಲಿಲ್ಲ.