ಮುಖಪುಟದ ಹಿಂದಿನ ಬೀದಿ

ಭಾನುವಾರ, ಮಧ್ಯಾಹ್ನ

ಚಿತ್ರಗಾರರಿಗೆ ನಮಸ್ಕಾರ,

ಬೇರೆ ಏನೆಂದು ಕರೆಯುವುದೋ ತಿಳಿಯಲಿಲ್ಲ. ಊರಿಗೆಲ್ಲ ನೀವು ಹಾಗೆಯೇ ಗೊತ್ತು. ಗಂಡನನ್ನು ಬಿಟ್ಟು ಬೇರೆ ಮನೆ ಮಾಡಿದ ಮೇಲೆ ನನಗೂ ಅದೇ ಸಾಕು.

ಸಿಟ್ಟು ತಡೆಯಲಾರದೆ ಬರೆಯುತ್ತಿದ್ದೇನೆ. ಎಂಟನೇ ತರಗತಿಯವರಿಗೆ ಹೆಸರಾಂತ ಕಲಾವಿದರೊಬ್ಬರನ್ನು ಅಭ್ಯಾಸ ಮಾಡಿಸಿ, ಅವರ ಪ್ರೇರಣೆಯಿಂದ ಮಕ್ಕಳು ತಮ್ಮದೇ ಚಿತ್ರ ಬರೆಯಬೇಕೆಂದು ನಮ್ಮ ಹೆಡ್‌ಮಿಸ್ ಹೇಳಿದರು. ಲೋಕದಲ್ಲಿ ಎಷ್ಟು ಕಲಾವಿದರಿಲ್ಲ! ಅವರು ಆರಿಸಿದ್ದು ನಿಮ್ಮನ್ನು. "ಆ ವಾರಪತ್ರಿಕೆ ಅಂದ್ರೆ ಅವರ ಮುಖಪುಟಾನೇ ಅಲ್ವಾ? ನಿಮಗಿಂತ ಚೆನ್ನಾಗಿ ಯಾರು ಹೇಳಿಕೊಡ್ತಾರೆ?" ಎಂದು ನಕ್ಕರು. ನುಂಗಲೂ ಆಗದೆ ಉಗುಳಲೂ ಆಗದೆ ಒಪ್ಪಿಕೊಂಡೆ.

ಶುಕ್ರವಾರ ಗ್ರಂಥಾಲಯದಿಂದ ಹಳೆಯ ಸಂಚಿಕೆಗಳನ್ನು ಹೊತ್ತು ತಂದು ಬೆಂಚುಗಳ ಮೇಲೆ ಹರಡಿದೆ. ನಿಮ್ಮ ಗೆರೆಯನ್ನು ಹೊಗಳಿದೆ. ಸುಳ್ಳು ಹೇಳಲಿಲ್ಲ; ಒಂದೇ ಎಳೆತಕ್ಕೆ ಮುದುಕಿಯ ಬೆನ್ನು ಬಾಗಿಸುವ ಕುಂಚ ನಿಮ್ಮದು. ಅದನ್ನು ಬೋರ್ಡಿನ ಮೇಲೆ ತೋರಿಸಹೋಗಿ ಸೀಮೆಸುಣ್ಣ ಮುರಿದುಕೊಂಡೆ. ಆಮೇಲೆ ಇಡೀ ತರಗತಿ ಮುಖಪುಟದ ನಿಮ್ಮ ಮುದುಕಿಯನ್ನೇ ನಕಲು ಮಾಡಿತು. "ನಿಮ್ಮನೆ ಅಜ್ಜೀನ ಬರೀರೋ" ಎಂದು ಬಾಯಿ ನೋಯಿಸಿಕೊಂಡೆ. "ನಮ್ಮಜ್ಜಿ ಇಷ್ಟು ಚೆನ್ನಾಗಿಲ್ಲ ಮಿಸ್" ಎಂದರು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಕನ್ನಡಕದ ಹುಡುಗಿಯೊಬ್ಬಳು ಮಾತ್ರ ಮುದುಕಿಯ ಹಿಂದಿನ ಬೀದಿಯನ್ನು ನೋಡುತ್ತ ಕೂತಿದ್ದಳು. ಸೈಕಲ್ ರಿಪೇರಿ ಅಂಗಡಿ, ಒದ್ದೆ ಮೆಟ್ಟಿಲು, ತಂತಿಯ ಮೇಲೆ ಒಂಟಿ ಕಾಲುಚೀಲ. "ಮಿಸ್, ಇದನ್ನ ಬರೆದಿದ್ದು ಬೇರೆ ಯಾರೋ. ಅಜ್ಜಿ ಗೆರೆ ಓಡುತ್ತೆ. ಇದು ನಿಂತು ನಿಂತು ನೋಡುತ್ತೆ" ಎಂದಳು.

ಅಡುಗೆಮನೆಯ ಮೇಜಿನ ಮೇಲೆ ನಾನು ಬರೆದ ಬೀದಿಗಳವು. ಮೂಲೆಯಲ್ಲಿ ನಿಮ್ಮೊಬ್ಬರದೇ ಸಹಿ. "ಇಬ್ಬರ ಹೆಸರು ಹಾಕಿದ್ರೆ ಓದೋರಿಗೆ ಗೊಂದಲ ಆಗುತ್ತೆ ಕಣೆ" ಎಂದಿದ್ದಿರಿ. ನಾನು ಮನೆ ಬಿಟ್ಟದ್ದು ಆ ಮಾತಿಗೇ. ನಿಮ್ಮ ತಂಗಿಯ ಹತ್ತಿರ ಮಾತ್ರ ಇನ್ನೂ ಏನೇನೋ ಕಾರಣ ಹೇಳುತ್ತಿದ್ದೀರಂತೆ.

"ಬರೆದಿದ್ದು ನಾನೇ" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಹುಡುಗಿ ನಗಲಿಲ್ಲ. ನಾನು ತಿರುಗಿ ಶಾಲೆಯ ಗೇಟಿನೆದುರಿನ ಬೀದಿಯನ್ನು ಬೋರ್ಡಿನ ಮೇಲೆ ಬರೆಯತೊಡಗಿದೆ. ನಗು ನಿಂತಿತು. "ಮಿಸ್, ಆ ಕಂಬ ವಾಲಿದೆ!" "ಚಪ್ಪಲಿ ಹೊಲಿಯೋ ತಾತನ್ನ ಬಿಟ್ರಿ!" ಗಂಟೆ ಹೊಡೆದರೂ ಯಾರೂ ಏಳಲಿಲ್ಲ, ತಮ್ಮ ತಮ್ಮ ಬೀದಿಗಳನ್ನು ಬರೆಯುತ್ತಿದ್ದರು.

ಅಂದು ಸಂಜೆ ಹೆಡ್‌ಮಿಸ್ ಕರೆದು, "ಮನೆ ಜಗಳಾನ ಮಕ್ಕಳ ಮುಂದೆ ತರ್ಬೇಡಿ" ಎಂದರು. ಬೋರ್ಡನ್ನೂ ಒರೆಸಿಸಿದರು. ಯಾರಿಗೆ ಹೇಳಲಿ? ಗೋಡೆಗೆ ಹೇಳಿದಂತೆ ನಿಮಗೆ ಹೇಳುತ್ತಿದ್ದೇನೆ. ಆ ಬೀದಿಗಳು ನನ್ನವೆಂದು ನಿಮ್ಮ ಒಂದು ಮಾತು ಬಂದರೆ ಅವರ ಬಾಯಿ ಕಟ್ಟುತ್ತದೆ. ಬೇಡುತ್ತಿಲ್ಲ, ನನ್ನದನ್ನು ಕೇಳುತ್ತಿದ್ದೇನೆ.

ಇಂತು,
ಡ್ರಾಯಿಂಗ್ ಮಿಸ್

ತಾ.ಕ.: ಮರೆತಿದ್ದೆ ಎಂದರೆ ಸುಳ್ಳು, ಬರೆಯಲೋ ಬೇಡವೋ ಎಂದು ಹೊಯ್ದಾಡುತ್ತಿದ್ದೆ. ಮೊನ್ನೆ ಪತ್ರಿಕೆಯ ಸಂಪಾದಕರು ಫೋನ್ ಮಾಡಿದ್ದರು. ನಿಮ್ಮ ಬಲಗೈ ನಡುಗುತ್ತಿದೆಯಂತೆ, ಕುಂಚ ಹಿಡಿಯಲು ಆಗುತ್ತಿಲ್ಲವಂತೆ. ಮುಖಪುಟಗಳನ್ನು ನಾನು ಬರೆಯುತ್ತೇನಾ ಎಂದು ಕೇಳಿದರು. ನನ್ನ ನಂಬರು ಕೊಟ್ಟವರು ನೀವೇ ಅಂತೆ. "ಬೀದಿಗಳೆಲ್ಲ ಅವಳದೇ" ಎಂದಿರಂತೆ. ಅದನ್ನು ನನಗೆ ಹೇಳಲು ಏನಾಗಿತ್ತು ನಿಮಗೆ? ನಾನಿನ್ನೂ ಹೂಂ ಎಂದಿಲ್ಲ. ಡಾಕ್ಟರಿಗೆ ತೋರಿಸಿದಿರಾ? ಬರೆಯಲಾಗದಿದ್ದರೆ ಫೋನಾದರೂ ಮಾಡಿ.